ಕೆಲಸದಲ್ಲಿರುವವರಿಗೊಂದು ಬಯಾಲಜಿ ಎಂ.ಎಸ್ಸಿ: ಕರಡು ಎಲ್ಲಿಗೆ ಬಂತು

ಏಪ್ರಿಲ್‌

ನಾನು ಹುಬ್ಬಳ್ಳಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹಳೆಯ ವಿದ್ಯಾರ್ಥಿಗಳು ಚಿಗರಿ ಬಸ್ಸಿನಲ್ಲಿ ಸಿಕ್ಕಾಗೆಲ್ಲ ಒಂದೇ ಮಾತು. "ಎಂ.ಎಸ್ಸಿ ಮಾಡೋ ಆಸೆ ಐತ್ರಿ ಮೇಡಮ್, ಆದ್ರ ಕೆಲಸ ಬಿಡಾಕ ಆಗಂಗಿಲ್ಲ." ಒಬ್ಬಳು ಗದಗಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಒಬ್ಬ ಹಾವೇರಿಯಲ್ಲಿ ಹೈಸ್ಕೂಲ್ ಮಾಸ್ತರ. ಇಬ್ಬರೂ ಚುರುಕು. ಅಂಥವರಿಗಾಗಿ ಒಂದು ಸಿಲೆಬಸ್ ಕರಡು ಬರೆಯಲು ಕೂತೆ. ಮುಗಿದ ಮೇಲೆ ಕಾಲೇಜಿನ ಬೋರ್ಡ್ ಮುಂದೆ ಇಡಬೇಕು.

ನಿಯಮಗಳು ನಾನು ಅಂದುಕೊಂಡದ್ದಕ್ಕಿಂತ ಸಡಿಲವಾಗಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2024ರ ಚೌಕಟ್ಟಿನಲ್ಲಿ 3 ವರ್ಷದ ಪದವಿಯವರಿಗೆ 2 ವರ್ಷದ ಎಂ.ಎಸ್ಸಿ, 4 ವರ್ಷದವರಿಗೆ 1 ವರ್ಷ. ಮೊದಲ ವರ್ಷಕ್ಕೇ ಬಿಟ್ಟರೆ ಪಿಜಿ ಡಿಪ್ಲೊಮಾ ಸಿಗುತ್ತದೆ. ಒಂದು ಸೆಮಿಸ್ಟರಿನ ಶೇ. 40ರವರೆಗೆ ಕೋರ್ಸ್‌ಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ 'ಸ್ವಯಂ' ಮೂಲಕ ಮಾಡಬಹುದು. ಗಳಿಸಿದ ಕ್ರೆಡಿಟ್, ಅಂದರೆ ಓದಿನ ಗಂಟೆಗಳಿಗೆ ಸಿಗುವ ಅಂಕ, ಅಕಾಡೆಮಿಕ್ ಬ್ಯಾಂಕ್ ಎಂಬ ಆನ್‌ಲೈನ್ ಖಾತೆಯಲ್ಲಿ 7 ವರ್ಷದವರೆಗೆ ಇರುತ್ತದೆ. ಹೆರಿಗೆ, ವರ್ಗಾವಣೆ, ಮನೆಯಲ್ಲಿ ಕಾಯಿಲೆ ಅಂತ ಒಂದು ವರ್ಷ ನಿಂತರೂ ಓದಿದ್ದು ಹಾಳಾಗುವುದಿಲ್ಲ. ಥಿಯರಿ ಭಾಗ ಎರಡು ವಾರದಲ್ಲಿ ಮುಗಿಯಿತು.

ಮೇ

ಪ್ರಾಕ್ಟಿಕಲ್‌ಗೆ ಬಂದೆ. ಇಲ್ಲೇ ಗಾಡಿ ನಿಂತಿತು.

ಜೆನೆಟಿಕ್ಸ್ ಪ್ರಾಕ್ಟಿಕಲ್ ಮನೆಯಲ್ಲಿ ಮಾಡಲು ಬರುತ್ತದೆಯೇ ಅಂತ ನಾನೇ ನೋಡೋಣ ಅಂದುಕೊಂಡೆ. ಈ ಪ್ರಯೋಗಗಳಿಗೆ ಬಳಸುವ ಡ್ರೊಸೊಫಿಲಾ ಎಂಬ ಪುಟ್ಟ ಹಣ್ಣಿನ ನೊಣಕ್ಕೆ ಆಹಾರ ಅಂದರೆ ರವೆ, ಬೆಲ್ಲ, ಅಗರ್, ಬೂಷ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯಾನಿಕ್ ಆಸಿಡ್. ಒಲೆಯ ಮೇಲೆ ಕುದಿಯುತ್ತಿದ್ದಾಗ ಅವ್ವ ಬಂದು, "ಸಜ್ಜಕ ಮಾಡಾಕತ್ತೀಯೇನ?" ಅಂದಳು. ವಾಸನೆ ಹಾಗೇ ಇತ್ತು.

ನೊಣ ಮಾತ್ರ ಉಳಿಯಲಿಲ್ಲ. ಇವಕ್ಕೆ 25 ಡಿಗ್ರಿ ಬೇಕು. 30 ದಾಟಿದರೆ ಗಂಡು ನೊಣಗಳು ಬಂಜೆಯಾಗುತ್ತವೆ. ನಮ್ಮ ಮನೆಯೊಳಗೆ ಆ ವಾರ 33 ಇತ್ತು. ಆರು ಬಾಟಲಿಯಲ್ಲಿ ಒಂದರಲ್ಲೂ ಮರಿ ಹುಳ ಕಾಣಲಿಲ್ಲ. ತುಂಬಾ ಬೇಜಾರಾಯಿತು. ಆದರೆ ಆಮೇಲೆ ಕರಡಿನಲ್ಲಿ ನಾನು ಮಾಡಿದ ಬದಲಾವಣೆಯೆಲ್ಲ ಈ ಆರು ಬಾಟಲಿಯಿಂದಲೇ ಬಂದಿದೆ. ಅಲ್ಲಿಯವರೆಗೆ ನಾನು ವಿದ್ಯಾರ್ಥಿಯ ಪುರುಸೊತ್ತನ್ನಷ್ಟೇ ನೋಡುತ್ತಿದ್ದೆ. ನೊಣಕ್ಕೂ ಒಂದು ಟೈಮ್‌ಟೇಬಲ್ ಇದೆ, ಅಲ್ವಾ? ಅದು ಯಾರಿಗೂ ರಜೆ ಕೊಡುವುದಿಲ್ಲ.

ಜುಲೈ

ಗಂಟೆಗಳ ಲೆಕ್ಕ ಹಾಕಿದೆ. ಒಟ್ಟು 80 ಕ್ರೆಡಿಟ್. ಅದರಲ್ಲಿ ಥಿಯರಿಗೆ 40, ಪ್ರಾಕ್ಟಿಕಲ್‌ಗೆ 20, ಪ್ರಾಜೆಕ್ಟ್‌ಗೆ 20 ಇಟ್ಟಿದ್ದೇನೆ. ಪ್ರಾಕ್ಟಿಕಲ್‌ನಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ. ಅಲ್ಲಿಗೆ 600 ಗಂಟೆ. ಭಾನುವಾರ 6 ಗಂಟೆಯಂತೆ 100 ಭಾನುವಾರ. ಎರಡು ವರ್ಷದಲ್ಲಿ ಇರುವುದೇ 104!

ಇದನ್ನು ಗದಗಿನ ಹುಡುಗಿಗೆ ಫೋನಿನಲ್ಲಿ ಹೇಳಿದೆ. "ಭಾನುವಾರ ಅಂದ್ರ ನಮಗ ಅರಿವಿ ಒಗಿಯೋ ದಿನ ರೀ ಮೇಡಮ್" ಅಂದಳು. ಅವಳ ಮಾತು ಖರೇ. ಎರಡು ವರ್ಷದ ಹಟ ಬಿಟ್ಟೆ.

ಈಗಿನ ಕರಡು ಮೂರು ವರ್ಷದ್ದು. ದಸರಾ, ದೀಪಾವಳಿ, ಬೇಸಿಗೆ ರಜೆ ನೋಡಿಕೊಂಡು ಒಟ್ಟು 6 ಪೂರ್ತಿ ವಾರ ಲ್ಯಾಬು. ದಿನಕ್ಕೆ 8 ಗಂಟೆ, ಆರು ದಿನ. ಅಲ್ಲಿಗೆ 288 ಗಂಟೆ ಆಯಿತು. ಉಳಿದ 312ಕ್ಕೆ 52 ಭಾನುವಾರ ಸಾಕು. ಮೂರು ಭಾನುವಾರದಲ್ಲಿ ಒಂದು ಮಾತ್ರ ನಮ್ಮದು.

ಸೆಪ್ಟೆಂಬರ್

ಯಾವ ಪ್ರಯೋಗವನ್ನು ಎಲ್ಲಿ ತುಂಡು ಮಾಡಬಹುದು ಅಂತ ಒಂದೊಂದನ್ನೂ ನೋಡುತ್ತಿದ್ದೇನೆ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

ಈರುಳ್ಳಿ ಬೇರಿನ ಕೋಶ ವಿಭಜನೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಲೋಟದ ನೀರಿನ ಮೇಲೆ ಈರುಳ್ಳಿ ಇಟ್ಟರೆ ಎರಡು ಮೂರು ದಿನದಲ್ಲಿ ಬೇರು ಬರುತ್ತದೆ. ಬೆಳಿಗ್ಗೆ ತುದಿ ಕತ್ತರಿಸಿ, ಮೂರು ಪಾಲು ಆಲ್ಕೊಹಾಲ್‌ಗೆ ಒಂದು ಪಾಲು ಅಸಿಟಿಕ್ ಆಸಿಡ್ ಬೆರೆಸಿದ ದ್ರಾವಣದಲ್ಲಿ ಒಂದು ದಿನ ಇಡಬೇಕು. ಆಮೇಲೆ ಶೇ. 70ರ ಆಲ್ಕೊಹಾಲ್‌ಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಕೆಡುವುದಿಲ್ಲ. ನಮ್ಮ ಟೆಕ್ನಿಷಿಯನ್ ಹುಡುಗಿ ನೈಟ್ ಡ್ಯೂಟಿ ಮುಗಿಸಿ ಗುರುವಾರ ತುದಿ ಕತ್ತರಿಸಿದಳು. ಭಾನುವಾರ ಇಲ್ಲಿಗೆ ತಂದು ಅಸಿಟೋಕಾರ್ಮಿನ್ ಬಣ್ಣ ಹಾಕಿ ಸ್ಲೈಡ್ ಮಾಡಿದಳು. ಕ್ರೋಮೋಸೋಮ್‌ಗಳು ಎರಡು ಕಡೆ ಸರಿದು ನಿಂತಿದ್ದದ್ದು ಸ್ಪಷ್ಟವಾಗಿ ಕಂಡಿತು. ಅವಳು ಮೈಕ್ರೋಸ್ಕೋಪ್ ಬಿಟ್ಟು ಏಳಲೇ ಇಲ್ಲ.

ಬ್ಯಾಕ್ಟೀರಿಯಾದ್ದು ಸುಲಭ. ಶನಿವಾರ ಸಂಜೆ ಅಗರ್ ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಹಾಕಿದರೆ ಭಾನುವಾರ ಬೆಳೆದ ಚುಕ್ಕೆಗಳನ್ನು ಎಣಿಸಬಹುದು. ಅದಕ್ಕೆ ಶನಿವಾರ ರಾತ್ರಿ ಉಳಿಯಲು ಜಾಗ ಬೇಕು ಅಂತ ಕರಡಿನಲ್ಲೇ ಬರೆದಿದ್ದೇನೆ.

ನವೆಂಬರ್

ನೊಣ ಮತ್ತೆ ತಂದೆ. ಈಗ ಮನೆಯಲ್ಲಿ 24 ಡಿಗ್ರಿ.

ಹೆಣ್ಣು ನೊಣವನ್ನು ಅದು ಹೊರಬಂದ 8 ಗಂಟೆಯೊಳಗೆ ಬೇರೆ ಮಾಡಬೇಕು. ಇಲ್ಲದಿದ್ದರೆ ಅಲ್ಲಿರುವ ಗಂಡಿನೊಂದಿಗೆ ಕೂಡಿಬಿಡುತ್ತದೆ, ಕ್ರಾಸ್ (ನಾವು ಆರಿಸಿದ ಗಂಡು ಹೆಣ್ಣನ್ನು ಕೂಡಿಸುವುದು) ಕೆಡುತ್ತದೆ. ಭಾನುವಾರ ಮಾತ್ರ ಬರುವವರಿಗೆ ಇದು ಆಗದ ಮಾತು. ಆದರೆ ಈ ಅವಸರ ಮೊದಲ ಕ್ರಾಸ್‌ಗೆ ಮಾತ್ರ. ಅದರಿಂದ ಹುಟ್ಟುವ ಮಕ್ಕಳ ಪೀಳಿಗೆಯನ್ನು (ಎಫ್1) ತಮ್ಮತಮ್ಮಲ್ಲೇ ಕೂಡಲು ಬಿಡುವುದರಿಂದ ಅಲ್ಲಿ ಹೀಗೆ ಕಾಯಬೇಕಿಲ್ಲ. ಹಾಗಾಗಿ ದೀಪಾವಳಿ ವಾರ ಲ್ಯಾಬಿನಲ್ಲಿ ಕ್ರಾಸ್ ಮಾಡಿ, ಬಾಟಲಿಯನ್ನು ಮನೆಗೆ ಒಯ್ಯುವುದು. ಮರಿಗಳು ಹೊರಬರುವ ಮೊದಲು ತಂದೆ ತಾಯಿ ನೊಣಗಳನ್ನು ತೆಗೆಯುವುದು. ಎಫ್1 ಬಂದ ಮೇಲೆ ಹೊಸ ಬಾಟಲಿಗೆ ಹಾಕುವುದು. ಅವುಗಳ ಮರಿಗಳಾದ ಎಫ್2ಗಳನ್ನು ಲ್ಯಾಬಿನ ಭಾನುವಾರ ಎಣಿಸುವುದು. ನನ್ನ ಬಾಟಲಿಯಲ್ಲಿ ಈಗ ಎಫ್1 ಹಾರಾಡುತ್ತಿವೆ. ತಾಯಿಯದು ಮುದುಡಿದ ರೆಕ್ಕೆ, ಇವಕ್ಕೆಲ್ಲ ಪೂರ್ತಿ ರೆಕ್ಕೆ.

ಇಕಾಲಜಿಯನ್ನು ಮಾಗಡಿ ಕೆರೆಗೆ ಜೋಡಿಸಿದ್ದೇನೆ. ಗದಗ ಜಿಲ್ಲೆಯ ಶಿರಹಟ್ಟಿ ಕಡೆಯ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಮಾತ್ರ ಬರುತ್ತವೆ. ಜೂನ್‌ನಲ್ಲಿ ಸೇರಿದವರು ಡಿಸೆಂಬರ್‌ವರೆಗೆ ಕಾಯಲೇಬೇಕು. ಈ ವಿಷಯದಲ್ಲಿ ಸಡಿಲ ಮಾಡುವುದಿಲ್ಲ. ವಿಡಿಯೋ ನೋಡಿ ಹಕ್ಕಿ ಎಣಿಸಿದರೆ ಅದಕ್ಕೆ ಕ್ರೆಡಿಟ್ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಉಳಿದದ್ದು ಪ್ರಾಜೆಕ್ಟಿನ 20 ಕ್ರೆಡಿಟ್. ಅವರವರ ಕೆಲಸದ ಜಾಗದಲ್ಲೇ ಮಾಡಲಿ ಅಂತ ನನ್ನ ಆಸೆ. ಹಾವೇರಿ ಮಾಸ್ತರ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ಮತ್ತು ಕಡ್ಡಿ ತಳಿಗಳ ಹೂವಿಗೆ ಬರುವ ಹುಳಗಳನ್ನು ಎಣಿಸುತ್ತೇನೆ ಅನ್ನುತ್ತಾನೆ. ಹೊಲ ಅವರ ಕಾಕಾನದು. ಆಸ್ಪತ್ರೆಯ ಸ್ಯಾಂಪಲ್ ಬಳಸಬೇಕಾದರೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೆ ಎಷ್ಟು ತಿಂಗಳು ಬಿಡಬೇಕು ಅಂತ ಗದಗಿನ ಹುಡುಗಿ ವಿಚಾರಿಸಿ ಹೇಳುತ್ತೇನೆ ಅಂದಿದ್ದಾಳೆ. ಬರುವ ಭಾನುವಾರ ಇಬ್ಬರೂ ಬರುತ್ತಾರೆ. ಅಷ್ಟರಲ್ಲಿ ಹೊಸ ಬಾಟಲಿಗಳಿಗೆ ರವೆ ಕುದಿಸಿಡಬೇಕು.