ಅರವತ್ತು ಪ್ರಶ್ನೆ, ಮೂರು ಗುರುತು: ನನ್ನ ಸಾಮಾನ್ಯ ಜ್ಞಾನದ ಪರೀಕ್ಷೆ ಎಲ್ಲಿಗೆ ಬಂತು

ವಾರ 1

ಇಷ್ಟು ವರ್ಷ ಓದಿದ್ದರಲ್ಲಿ ತಲೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡುವ ಹುಚ್ಚು ಹತ್ತಿದೆ. ಇತಿಹಾಸ, ವಿಜ್ಞಾನ, ಭೂಗೋಳ, ಸಂಸ್ಕೃತಿ ಒಂದೊಂದರಿಂದ 15, ಒಟ್ಟು 60 ಪ್ರಶ್ನೆ. ನಾನೇ ಬರೆದು ನಾನೇ ಉತ್ತರಿಸಿದರೆ ಅದು ಪರೀಕ್ಷೆಯಲ್ಲ. ಹಾಗಾಗಿ ತಮ್ಮನನ್ನೂ ಎಳೆದುಕೊಂಡೆ. ಅವನು ನನಗೆ ಪ್ರಶ್ನೆ ಬರೆಯಬೇಕು, ನಾನು ಅವನಿಗೆ. ಸದ್ಯಕ್ಕೆ ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ.

ನಾನು ಸೇರಿಸಿದ್ದು ಒಂದೇ ಒಂದು ನಿಯಮ. ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕಬೇಕು: ಖಂಡಿತ, ಇರಬಹುದು, ಅಥವಾ ಊಹೆ. ಬರೀ ಅಂಕ ಎಣಿಸಿದರೆ ಗೊತ್ತಿದ್ದು ಬರೆದದ್ದಕ್ಕೂ ಕತ್ತಲಲ್ಲಿ ಕಲ್ಲು ಹೊಡೆದದ್ದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಬಂದದ್ದು 37. ಭೂಗೋಳ 13, ವಿಜ್ಞಾನ 11, ಇತಿಹಾಸ 8, ಸಂಸ್ಕೃತಿ 5. ಅಲ್ಲಿಗೆ ಬಿಟ್ಟಿದ್ದರೆ ಸಮಾಧಾನ ಇರುತ್ತಿತ್ತು. ಗುರುತುಗಳನ್ನು ಎಣಿಸಿದೆ. ಊಹೆ ಅಂತ ಹಾಕಿದ 12ರಲ್ಲಿ 3 ಸರಿ. ನಾಲ್ಕು ಆಯ್ಕೆ ಇದ್ದಾಗ ಕಣ್ಣು ಮುಚ್ಚಿ ಗೀಟು ಹಾಕಿದರೂ ಸರಾಸರಿ ನಾಲ್ಕಕ್ಕೆ ಒಂದು ಸರಿಯಾಗುತ್ತದೆ. ಅಂದರೆ ಆ ಮೂರು ಅಂಕ ನನ್ನದಲ್ಲ, ಅದೃಷ್ಟದ್ದು. 'ಇರಬಹುದು' 18ರಲ್ಲಿ 10 ಸರಿ. 'ಖಂಡಿತ' ಅಂತ ಬರೆದದ್ದು 30, ಅದರಲ್ಲಿ 6 ತಪ್ಪು.

ಆ ಆರು ನನ್ನ ನಿದ್ದೆ ಕೆಡಿಸಿದವು.

ವಾರ 2

ಆರನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆ.

ಜಗತ್ತಿನ ಅತಿ ದೊಡ್ಡ ಮರುಭೂಮಿ ಸಹಾರ ಅಂತ ಬರೆದಿದ್ದೆ. ಸರಿ ಉತ್ತರ ಅಂಟಾರ್ಕ್ಟಿಕಾ. ಮರುಭೂಮಿ ಅನ್ನುವುದು ಬಿಸಿಲಿನ ಲೆಕ್ಕವಲ್ಲ, ಮಳೆ–ಹಿಮ ಎಷ್ಟು ಕಡಿಮೆ ಬೀಳುತ್ತದೆ ಅನ್ನುವ ಲೆಕ್ಕ. ಅಂಟಾರ್ಕ್ಟಿಕಾ ಸುಮಾರು 1.4 ಕೋಟಿ ಚದರ ಕಿ.ಮೀ., ಸಹಾರ ಸುಮಾರು 90 ಲಕ್ಷ. ಹತ್ತಿರಕ್ಕೂ ಬರುವುದಿಲ್ಲ.

ಚಂದ್ರನ ಮೇಲಿಂದ ಬರಿಗಣ್ಣಿಗೆ ಕಾಣುವ ಮನುಷ್ಯ ನಿರ್ಮಿತಿ? ಚೀನಾದ ಮಹಾಗೋಡೆ ಅಂದೆ. 'ಯಾವುದೂ ಅಲ್ಲ' ಅನ್ನುವ ಆಯ್ಕೆ ಅಲ್ಲೇ ಇತ್ತು. ಗೋಡೆ ಸಾವಿರಾರು ಕಿ.ಮೀ. ಉದ್ದ ನಿಜ, ಆದರೆ ಅಗಲ ಕೆಲವೇ ಮೀಟರ್. ಸುಮಾರು 3,84,000 ಕಿ.ಮೀ. ದೂರದಿಂದ ಅದು ಕಾಣುವುದೆಂತು? 2003ರಲ್ಲಿ ಭೂಮಿಯನ್ನು ಸುತ್ತಿಬಂದ ಚೀನಾದ ಯಾಂಗ್ ಲಿವೇ ಅವರೇ ತಮಗೆ ಗೋಡೆ ಕಾಣಲಿಲ್ಲ ಅಂದರು. ಅವರಿದ್ದದ್ದು ಚಂದ್ರನಿಗಿಂತ ಎಷ್ಟೋ ಹತ್ತಿರದಲ್ಲಿ.

ಐನ್‌ಸ್ಟೈನ್‌ಗೆ ನೊಬೆಲ್ ಬಂದದ್ದು ಸಾಪೇಕ್ಷತಾ ಸಿದ್ಧಾಂತಕ್ಕೆ ಅಂದೆ. ಅಲ್ಲ, ದ್ಯುತಿವಿದ್ಯುತ್ ಪರಿಣಾಮದ ನಿಯಮಕ್ಕೆ. ಟರ್ಕಿಯ ರಾಜಧಾನಿ ಇಸ್ತಾಂಬುಲ್ ಅಂದೆ. ಅಂಕಾರಾ, ಅದೂ 1923ರಿಂದ. ಭೂಗೋಳದಲ್ಲಿ ಎತ್ತಿದ ಕೈ ಅಂದುಕೊಂಡವಳಿಗೆ ಇದು ನಾಚಿಕೆಗೇಡು.

ಉಳಿದ ಎರಡು ತಮಾಷೆಯವು. ಅಕ್ಟೋಬರ್ ಕ್ರಾಂತಿ ಈಗಿನ ಕ್ಯಾಲೆಂಡರ್ ಪ್ರಕಾರ ಯಾವ ತಿಂಗಳು? ಪನಾಮಾ ಟೋಪಿಯ ಮೂಲ ಯಾವ ದೇಶ? ಕ್ರಾಂತಿ ನಡೆದದ್ದು ನವೆಂಬರ್ 7, 1917. ರಷ್ಯಾ ಆಗ ಇನ್ನೂ ಜೂಲಿಯನ್ ಕ್ಯಾಲೆಂಡರ್ ಹಿಡಿದುಕೊಂಡಿತ್ತು, ಅದರ ಪ್ರಕಾರ ಅಕ್ಟೋಬರ್ 25. ಟೋಪಿ ಎಕ್ವಡಾರ್‌ದು. ಎರಡರಲ್ಲೂ ಹೆಸರನ್ನು ನಂಬಿ ಕೆಟ್ಟೆ. ತಮ್ಮನಿಗೆ ಈ ಜಾತಿಯ ಪ್ರಶ್ನೆ ಬಹಳ ಇಷ್ಟವಾಗಿಬಿಟ್ಟಿದೆ. ಮರುದಿನವೇ 'ನೂರು ವರ್ಷಗಳ ಯುದ್ಧ ಎಷ್ಟು ವರ್ಷದ್ದು' ಅಂತ ತಂದ. 1337ರಿಂದ 1453, ಅಂದರೆ 116. ಈ ಸಲ ಬೀಳಲಿಲ್ಲ.

ವಾರ 3–4

ಈಗ ಪ್ರಶ್ನೆ ಬರೆಯುವ ಸರದಿ ನನ್ನದು. ಉತ್ತರ ಹೇಳುವುದಕ್ಕಿಂತ ಇದು ಕಷ್ಟ. 'ಎರಡು ನೊಬೆಲ್ ಪಡೆದ ವ್ಯಕ್ತಿ ಯಾರು?' ಅಂತ ಬರೆದೆ. ಮನಸ್ಸಿನಲ್ಲಿದ್ದದ್ದು ಮೇರಿ ಕ್ಯೂರಿ.

"ಅಕ್ಕಾ, ಇದಕ್ಕೆ ಐದು ಉತ್ತರ ಇದೆ. ಯಾವುದು ಬೇಕು ನಿಂಗೆ?" ಅಂದ.

ನಿಜ. ಕ್ಯೂರಿ, ಲೈನಸ್ ಪಾಲಿಂಗ್, ಜಾನ್ ಬಾರ್ಡೀನ್, ಫ್ರೆಡರಿಕ್ ಸ್ಯಾಂಗರ್, ಬ್ಯಾರಿ ಶಾರ್ಪ್‌ಲೆಸ್. 'ವಿಜ್ಞಾನದ ಎರಡು ಬೇರೆ ಬೇರೆ ವಿಷಯಗಳಲ್ಲಿ' ಅಂತ ಸೇರಿಸಿದರೆ ಮಾತ್ರ ಕ್ಯೂರಿ ಒಬ್ಬರೇ ಉಳಿಯುತ್ತಾರೆ: 1903ರಲ್ಲಿ ಭೌತಶಾಸ್ತ್ರ, 1911ರಲ್ಲಿ ರಸಾಯನಶಾಸ್ತ್ರ. 'ಅತಿ ಎತ್ತರದ ಪರ್ವತ' ಪ್ರಶ್ನೆಯೂ ಹಾಗೆಯೇ ಕೈಕೊಟ್ಟಿತು. ಸಮುದ್ರ ಮಟ್ಟದಿಂದ ಅಳೆದರೆ ಎವರೆಸ್ಟ್, 8,848.86 ಮೀ. ಬುಡದಿಂದ ತುದಿಗೆ ಅಳೆದರೆ ಹವಾಯಿಯ ಮೌನಾ ಕೀ, ಬುಡ ಸಮುದ್ರದ ತಳದಲ್ಲಿದೆ, ಒಟ್ಟು 10,000 ಮೀಟರ್‌ಗೂ ಜಾಸ್ತಿ. ಭೂಮಿಯ ಕೇಂದ್ರದಿಂದ ಅಳೆದರೆ ಎಕ್ವಡಾರ್‌ನ ಚಿಂಬೊರಾಜೊ, ಯಾಕಂದರೆ ಭೂಮಿ ನಡುವಿನಲ್ಲಿ ಉಬ್ಬಿಕೊಂಡಿದೆ. ಅಳತೆ ಎಲ್ಲಿಂದ ಅಂತ ಹೇಳದ ಪ್ರಶ್ನೆಗೆ ಉತ್ತರವೇ ಇಲ್ಲ.

ನನಗೆ ಜಂಬ ಇದ್ದದ್ದು ಒಂದು ಪ್ರಶ್ನೆಯ ಮೇಲೆ: 'ಗೆಲಿಲಿಯೊ ತೀರಿಕೊಂಡ ವರ್ಷವೇ ಹುಟ್ಟಿದ ವಿಜ್ಞಾನಿ ಯಾರು?' ಉತ್ತರ ನ್ಯೂಟನ್, ವರ್ಷ 1642. ಎಷ್ಟು ಚೆಂದ ಇದೆ, ಇತಿಹಾಸವೂ ಹೌದು, ವಿಜ್ಞಾನವೂ ಹೌದು! ಕಾರ್ಡಿನ ಹಿಂದೆ ದಿನಾಂಕ ಬರೆಯಲು ಹೋದಾಗ ಕುಸಿಯಿತು. ಗೆಲಿಲಿಯೊ ತೀರಿಕೊಂಡ ಜನವರಿ 8, 1642 ಗ್ರೆಗೋರಿಯನ್ ದಿನಾಂಕ. ನ್ಯೂಟನ್ ಹುಟ್ಟಿದ ಡಿಸೆಂಬರ್ 25, 1642 ಜೂಲಿಯನ್ ದಿನಾಂಕ, ಯಾಕಂದರೆ ಇಂಗ್ಲೆಂಡ್ ಹೊಸ ಕ್ಯಾಲೆಂಡರಿಗೆ ಬಂದದ್ದೇ 1752ರಲ್ಲಿ. ಹೊಸ ಲೆಕ್ಕದಲ್ಲಿ ನ್ಯೂಟನ್ 1643ರ ಜನವರಿ 4ಕ್ಕೆ ಹೋಗುತ್ತಾರೆ. ಹಳೆಯ ಲೆಕ್ಕದಲ್ಲಿ ಗೆಲಿಲಿಯೊ 1641ರ ಡಿಸೆಂಬರ್ 29ಕ್ಕೆ ಬರುತ್ತಾರೆ. ಯಾವ ಕ್ಯಾಲೆಂಡರ್ ಹಿಡಿದರೂ ಇಬ್ಬರೂ ಒಂದೇ ವರ್ಷಕ್ಕೆ ಸೇರುವುದಿಲ್ಲ. ಕಾರ್ಡು ಹರಿಯಲು ಮನಸ್ಸಾಗಲಿಲ್ಲ. 'ಈ ಮಾತು ಯಾಕೆ ಸರಿಯಲ್ಲ?' ಅಂತ ಪ್ರಶ್ನೆಯನ್ನೇ ತಿರುಗಿಸಿದೆ. ಈಗ ಮೊದಲಿಗಿಂತ ಚೆನ್ನಾಗಿದೆ.

ಬದಲಾಗುವ ಸಂಗತಿಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೇನೆ, ಪಕ್ಕದಲ್ಲಿ ವರ್ಷ ಹಾಕಿ. ಶನಿಯ ಉಪಗ್ರಹ ಎಷ್ಟು ಅನ್ನುವ ಕಾರ್ಡಿನಲ್ಲಿ '274, ಮಾರ್ಚ್ 2025' ಅಂತಿದೆ. ಒಂದೇ ಏಟಿಗೆ 128 ಸೇರಿದ್ದು ಆಗಲೇ.

ವಾರ 5

ಎರಡನೇ ಪರೀಕ್ಷೆ, ಹೊಸ 60 ಪ್ರಶ್ನೆ, ಆಯ್ಕೆಗಳಿಲ್ಲ. ಅಂಕ 29. ಆಯ್ಕೆ ಕಣ್ಣೆದುರು ಇದ್ದಾಗ 'ಹಾಂ, ಇದೇ' ಅನ್ನುವುದಕ್ಕೂ ಖಾಲಿ ಹಾಳೆಯ ಮೇಲೆ ನೆನಪಿನಿಂದ ಎಳೆದು ತರುವುದಕ್ಕೂ ಎಷ್ಟು ಅಂತರ! ಎಷ್ಟೋ ಹೆಸರು ನಾಲಿಗೆ ತುದಿಗೆ ಬಂದು ಅಲ್ಲೇ ಕೂತವು. ಇನ್ನು ಮೇಲೆ ಆಯ್ಕೆ ಬೇಡ ಅಂತ ತೀರ್ಮಾನಿಸಿದೆವು.

ತಪ್ಪಿದ ಕಾರ್ಡುಗಳಿಗೆ ಲೈಟ್ನರ್ ಡಬ್ಬಿ ಶುರು ಮಾಡಿದೆ. ಸರಿಯಾದ ಕಾರ್ಡು ಮುಂದಿನ ಡಬ್ಬಿಗೆ, ತಪ್ಪಿದ್ದು ಮತ್ತೆ ಒಂದನೇ ಡಬ್ಬಿಗೆ. ಒಂದನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಖಂಡಿತ ಅಂದು ತಪ್ಪಿದವಕ್ಕೆ ಮೂಲೆಯಲ್ಲಿ ಕೆಂಪು ಗೆರೆ.

ವಾರ 7

ಅಂದುಕೊಳ್ಳದ ಒಂದು ಸಂಗತಿ. ಕೆಂಪು ಗೆರೆಯ ಕಾರ್ಡುಗಳೇ ಎಲ್ಲಕ್ಕಿಂತ ಬೇಗ ಮೂರನೇ ಡಬ್ಬಿ ಸೇರಿವೆ. ಹಳೆಯ ತಪ್ಪು ಬೇರು ಬಿಟ್ಟಿರುತ್ತದೆ, ಇವೇ ಕಾಡುತ್ತವೆ ಅಂದುಕೊಂಡಿದ್ದೆ. ನೆನಪಿನ ಬಗ್ಗೆ ಸಂಶೋಧನೆ ಮಾಡುವವರು ಇದಕ್ಕೆ ಹೈಪರ್‌ಕರೆಕ್ಷನ್ ಅಂತ ಹೆಸರಿಟ್ಟಿದ್ದಾರೆ: ಗಟ್ಟಿಯಾಗಿ ನಂಬಿದ್ದು ತಪ್ಪು ಅಂತ ಗೊತ್ತಾದಾಗ ಬೆಚ್ಚಿ ಬೀಳುತ್ತೇವೆ, ಸರಿ ಉತ್ತರದ ಕಡೆ ಗಮನ ಜಾಸ್ತಿ ಹೋಗುತ್ತದೆ. ನನ್ನ ಮಟ್ಟಿಗೆ ಅದಕ್ಕೆ ನಾಚಿಕೆಯನ್ನೂ ಸೇರಿಸಬೇಕು. ಅಂಕಾರಾ ಇನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಒದ್ದಾಟವೆಲ್ಲ 'ಊಹೆ' ಕಾರ್ಡುಗಳದ್ದು. ಸಂಸ್ಕೃತಿಯವೇ ಹೆಚ್ಚು. ಚಿತ್ರದ ಹೆಸರು, ಕಲಾವಿದನ ಹೆಸರು, ಇಸವಿ ಅಂತ ಸುಮ್ನೆ ಬಾಯಿಪಾಠ ಮಾಡಿದರೆ ಮೂರು ದಿನಕ್ಕೆ ಆವಿ. ಹಾಗಾಗಿ ಇತಿಹಾಸಕ್ಕೆ ಕಟ್ಟಿಹಾಕುತ್ತಿದ್ದೇನೆ. 1937ರ ಏಪ್ರಿಲ್‌ನಲ್ಲಿ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಬಿದ್ದಿತು, ಅದೇ ವರ್ಷ ಪಿಕಾಸೊ ಆ ಹೆಸರಿನ ಚಿತ್ರ ಬರೆದ. ಬೀಥೋವನ್ ಮೂರನೇ ಸಿಂಫನಿಗೆ ನೆಪೋಲಿಯನ್ ಹೆಸರಿಟ್ಟಿದ್ದ, 1804ರಲ್ಲಿ ಆತ ತಾನೇ ಚಕ್ರವರ್ತಿ ಅಂದಾಗ ಸಿಟ್ಟಿನಿಂದ ಹೊಡೆದುಹಾಕಿದ. ಇಂಥವು ಕೂರುತ್ತವೆ.

ಗೋಡೆಗೆ ಐದು ಮೀಟರ್ ಹಗ್ಗ ಕಟ್ಟಿದ್ದೇನೆ, ವರ್ಷಕ್ಕೆ ಒಂದು ಮಿ.ಮೀ. ಗೀಜಾದ ಮಹಾ ಪಿರಮಿಡ್ ಸುಮಾರು ಕ್ರಿ.ಪೂ. 2560, ಕ್ಲಿಯೋಪಾತ್ರಾ ತೀರಿಕೊಂಡದ್ದು ಕ್ರಿ.ಪೂ. 30, ಚಂದ್ರನ ಮೇಲೆ ಕಾಲಿಟ್ಟದ್ದು 1969. ಚೀಟಿ ಸಿಕ್ಕಿಸಿದೆ. ಪಿರಮಿಡ್‌ನಿಂದ ಕ್ಲಿಯೋಪಾತ್ರಾಗೆ ಎರಡೂವರೆ ಮೀಟರ್, ಅವಳಿಂದ ಚಂದ್ರನಿಗೆ ಎರಡೇ ಮೀಟರ್. ಅವಳು ನಮಗೇ ಹತ್ತಿರದವಳು. ಓದಿ ಗೊತ್ತಿತ್ತು, ಹಗ್ಗ ನೋಡಿದ ಮೇಲೆ ನಂಬಿಕೆ ಬಂತು.

ವಾರ 9

ಮೂರನೇ ಪರೀಕ್ಷೆ, ಆಯ್ಕೆಗಳಿಲ್ಲದೆ 38. ಭೂಗೋಳ 12, ವಿಜ್ಞಾನ 11, ಇತಿಹಾಸ 9, ಸಂಸ್ಕೃತಿ 6. ಸಂಸ್ಕೃತಿ ಇನ್ನೂ ಕುಂಟುತ್ತಿದೆ. ಆದರೆ ನಾನು ಮೊದಲು ನೋಡಿದ್ದು 'ಖಂಡಿತ' ಸಾಲು: 26ರಲ್ಲಿ 2 ತಪ್ಪು.

ಒಂದು, ಸೌರಮಂಡಲದ ಅತಿ ಬಿಸಿ ಗ್ರಹ. ಸೂರ್ಯನಿಗೆ ಹತ್ತಿರ ಅಂತ ಬುಧ ಬರೆದೆ. ದಟ್ಟ ಇಂಗಾಲದ ಡೈಆಕ್ಸೈಡ್ ಹೊದ್ದುಕೊಂಡ ಶುಕ್ರನೇ ಹೆಚ್ಚು ಬಿಸಿ, ಸುಮಾರು 465 ಡಿಗ್ರಿ ಸೆಲ್ಸಿಯಸ್. ಇನ್ನೊಂದಕ್ಕೆ ನಗಬೇಕೋ ಅಳಬೇಕೋ. ಕಜಕಿಸ್ತಾನದ ರಾಜಧಾನಿ ನೂರ್–ಸುಲ್ತಾನ್ ಅಂತ ಬರೆದೆ. 2019ರಲ್ಲಿ ಅಸ್ತಾನಾ ಹೆಸರು ಹಾಗೆ ಬದಲಾದಾಗ ಶ್ರದ್ಧೆಯಿಂದ ತಿದ್ದಿಕೊಂಡಿದ್ದೆ. 2022ರಲ್ಲಿ ಅದು ಮತ್ತೆ ಅಸ್ತಾನಾ ಆಯಿತು. ತಿದ್ದಿಕೊಳ್ಳದೆ ಇದ್ದಿದ್ದರೆ ಸರಿಯಾಗಿರುತ್ತಿದ್ದೆ! ಎರಡಕ್ಕೂ ಕೆಂಪು ಗೆರೆ ಬಿತ್ತು, ಅಸ್ತಾನಾ ಪೆನ್ಸಿಲ್‌ಗೆ ಬದಲಾಯಿತು.

'ಅತಿ ಉದ್ದದ ನದಿ' ಕಾರ್ಡು ಮಾತ್ರ ಯಾವ ಡಬ್ಬಿಗೂ ಸೇರಿಲ್ಲ. ನಾನು ನೈಲ್, ತಮ್ಮ ಅಮೆಜಾನ್. ಅಳೆಯುವವರು ನದಿಯ ಹುಟ್ಟು ಎಲ್ಲಿ, ಬಾಯಿ ಎಲ್ಲಿ ಅಂತ ಹಿಡಿಯುವುದರ ಮೇಲೆ ಉತ್ತರ ಬದಲಾಗುತ್ತದೆ. ಕಾರ್ಡು ಮೇಜಿನ ಮೇಲೇ ಬಿದ್ದಿದೆ.