ಕಂಬಿ ಹೋಗುವ ದಾರಿಯಲ್ಲಿ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಲಿಂಗಸುಗೂರಿನ ರಸ್ತೆಯಲ್ಲಿ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಕಂಬಿ (ಹೆಗಲ ಮೇಲೆ ಹೊರುವ ಕಾವಡಿ) ಹೊತ್ತವರು ಕಾಣಿಸುತ್ತಾರೆ. ಜಮಖಂಡಿ, ರಬಕವಿ-ಬನಹಟ್ಟಿ, ಬಾಗಲಕೋಟೆ ಕಡೆಯ ಜನ. ಶ್ರೀಶೈಲ ಮುಟ್ಟುವಷ್ಟರಲ್ಲಿ ಎಷ್ಟೋ ಮಂದಿ 400 ಕಿಲೋಮೀಟರಿಗಿಂತ ಜಾಸ್ತಿ ನಡೆದಿರುತ್ತಾರೆ. ಬಹಳಷ್ಟು ಜನ ಬರಿಗಾಲಲ್ಲಿ. ಕೆಲವರಂತೂ ಮರಗಾಲು ಕಟ್ಟಿಕೊಂಡು. ನಸುಕಿನಲ್ಲೇ ಎದ್ದು ಹೊರಡುತ್ತಾರೆ, ಡಾಂಬರು ಕಾದ ಮೇಲೆ ಕಾಲಿಡಲು ಆಗುವುದಿಲ್ಲವಲ್ಲ.

ನಾನೂ ಹೀಗೆ ನಡೆಯಬೇಕಿತ್ತು. ಹರಕೆ ಹೊತ್ತಿದ್ದೆ.

ಕೆಲವು ವರ್ಷದ ಹಿಂದೆ ನನಗೆ ಎದೆಯ ಕ್ಯಾನ್ಸರ್ ಆಯಿತು. ಆಪರೇಷನ್ ಆಯಿತು, ಆಮೇಲೆ ಕಿಮೋ. ಮೂರನೇ ಕಿಮೋ ಆದ ವಾರ ಬಾಯಿತುಂಬ ಹುಣ್ಣು, ಗುಟುಕು ನೀರೂ ಇಳಿಯುತ್ತಿರಲಿಲ್ಲ. ರಾತ್ರಿ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಮಲ್ಲಯ್ಯನನ್ನು ನೋಡುತ್ತಾ ಬೇಡಿಕೊಂಡೆ: "ಎಬ್ಬಿಸಿ ನಿಲ್ಲಿಸು ನಮ್ಮಪ್ಪ, ನಿನ್ನ ಗುಡ್ಡಕ್ಕೆ ನಡ್ಕೊಂಡು ಬರ್ತೀನಿ."

ಅವನು ಎಬ್ಬಿಸಿದ. ಆದರೆ ಕಿಮೋ ಔಷಧದಿಂದ ಪಾದದ ನರಗಳಿಗೆ ಪೆಟ್ಟು ಬಿದ್ದಿತ್ತು. ಕೆಲವರಿಗೆ ಹೀಗಾಗುತ್ತದೆ. ಒಂದು ದಿನ ಅಂಗಳದಲ್ಲಿ ಜಾಲಿಮುಳ್ಳು ತುಳಿದಿದ್ದೆ. ನೋವೇ ಇಲ್ಲ. ಪಡಸಾಲೆಯುದ್ದಕ್ಕೂ ರಕ್ತದ ಗುರುತು ನೋಡಿ ಮಗಳು ಕಿರುಚಿದಾಗಲೇ ಗೊತ್ತಾಗಿದ್ದು. ಬರಿಗಾಲಲ್ಲಿ ಮನೆಯೊಳಗೂ ಓಡಾಡಬೇಡಿ ಎಂದರು ಡಾಕ್ಟರು.

ಕೊಟ್ಟ ಮಾತು ಹಾಗೇ ಉಳಿಯಿತು. ಮನೆಯಲ್ಲಿ ಒಂದು ಕೊಡ ನೀರು ಎತ್ತಲೂ ನನ್ನನ್ನು ಬಿಡುತ್ತಿರಲಿಲ್ಲ. ಅದು ಪ್ರೀತಿಯೇ, ನನಗೆ ಗೊತ್ತು. ಆದರೆ ಸುಮ್ನೆ ಕೂತು ಕೂತು, ಇಷ್ಟು ಕಷ್ಟಪಟ್ಟು ಉಳಿದಿದ್ದು ಯಾತಕ್ಕೆ ಎಂದು ಅಳುತ್ತಿದ್ದೆ.

ಆ ವರ್ಷ ನಮ್ಮ ಓಣಿಯವರು ರಸ್ತೆ ಬದಿಗೆ ಶಾಮಿಯಾನ ಹಾಕಿ ದಾಸೋಹ ಇಟ್ಟರು. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ನಾನೂ ರೊಟ್ಟಿ ಬಡಿಯಲು ಕೂತೆ. ಹತ್ತು ರೊಟ್ಟಿಗೇ ಆಪರೇಷನ್ ಆದ ಕಡೆಯ ಕೈ ಬಾತುಕೊಂಡಿತು. ಆಗ ಹಿರಿಯರೊಬ್ಬರು, "ಅಕ್ಕಾರ, ನೀವು ಕಾಲಿನ ಕಡೆ ಬರ್ರಿ," ಎಂದು ಕರೆದರು. ಶಾಮಿಯಾನದ ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಬುಟ್ಟಿ, ಬೆಚ್ಚಗಿನ ಉಪ್ಪುನೀರು, ಹತ್ತಿ, ಪಟ್ಟಿ. ಅಂದಿನಿಂದ ಅದೇ ನನ್ನ ಜಾಗ.

ಮೊದಲು ಕೂತವನು ಇಪ್ಪತ್ತರ ಹುಡುಗ. ಹಿಮ್ಮಡಿ ತುಂಬ ಬೊಬ್ಬೆ. ನಾನು ಕೈ ಚಾಚಿದ ಕೂಡಲೇ ಕಾಲು ಹಿಂದಕ್ಕೆ ಎಳೆದುಕೊಂಡ. "ಬ್ಯಾಡ್ರಿ ಯವ್ವಾ, ನೀವು ದೊಡ್ಡವರು, ನನ್ನ ಕಾಲು ಮುಟ್ಟಬ್ಯಾಡ್ರಿ." ನಾನೆಂದೆ, "ಮಲ್ಲಯ್ಯನ ಕಡೆ ಹೊಂಟ ಕಾಲು ತಮ್ಮಾ ಇವು. ನನ್ನ ಕಾಲು ಹೋಗಂಗಿಲ್ಲ, ಮುಟ್ಟಾಕರ ಬಿಡು." ಅವನು ಸುಮ್ಮನಾದ. ನೀರಿಗೆ ಕಾಲಿಟ್ಟಾಗ ಚುರ್ ಎಂದು ಮುಖ ಹಿಂಡಿದ. ಆ ಉರಿ ನೋಡಿ ನನಗೆ ಕಣ್ಣು ತುಂಬಿ ಬಂತು. ಅವನಿಗೆ ಎಲ್ಲ ಗೊತ್ತಾಗುತ್ತಿತ್ತು.

ನೀರಿನ ಬಿಸಿಯನ್ನು ನಾನು ಮೊಣಕೈಯಿಂದ ನೋಡುತ್ತೇನೆ, ನನ್ನ ಬೆರಳ ತುದಿಯನ್ನೂ ನಂಬುವಂತಿಲ್ಲ. ಬೊಬ್ಬೆಯ ಚರ್ಮ ಕೀಳಲು ಬಿಡುವುದಿಲ್ಲ. ಸೂಜಿ-ದಾರ ಪೋಣಿಸಿ ಬಿಡುವ ರೂಢಿ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ, ಕೀವಾಗುತ್ತದೆ. ಪ್ರತಿಯೊಬ್ಬರಿಗೂ "ಸಕ್ರಿ ಕಾಯಿಲೆ ಐತೇನ್ರಿ?" ಎಂದು ಕೇಳುತ್ತೇನೆ. ಹೌದೆಂದರೆ ಬೆರಳ ಸಂದಿ ಬಿಡಿಸಿ ನೋಡುತ್ತೇನೆ, ಗಾಯವಿದ್ದರೆ ಡಾಕ್ಟರ ಹತ್ತಿರ ಕಳಿಸದೆ ಬಿಡುವುದಿಲ್ಲ. ಗೊತ್ತಾಗದ ಗಾಯ ಎಂಥದ್ದೆಂದು ನನಗೆ ಗೊತ್ತು.

ಇಲ್ಲಿಂದ ರಾಯಚೂರು, ಕರ್ನೂಲು ಸೀಮೆ ದಾಟಿ ವೆಂಕಟಾಪುರ. ಅಲ್ಲಿಂದ ನಲ್ಲಮಲ ಕಾಡು. ಭೀಮನಕೊಳ್ಳ ಇಳಿದು ಹತ್ತಿದರೆ ಕೈಲಾಸದ್ವಾರ. ಚೆನ್ನಮಲ್ಲಿಕಾರ್ಜುನನನ್ನು ಹುಡುಕಿ ಅಕ್ಕಮಹಾದೇವಿ ಹೋದ ಬೆಟ್ಟ ಅದು. ಆ ಕಲ್ಲುದಾರಿಯನ್ನು ನಾನು ನೋಡಿಲ್ಲ. ಆದರೆ ಪಟ್ಟಿ ಕಟ್ಟುವಾಗ ಪ್ರತಿ ಸುತ್ತಿಗೂ ಅದು ಕಣ್ಣಮುಂದೆ ಬರುತ್ತದೆ, ಅಲ್ಲಿತನಕ ಬಿಚ್ಚಿಕೊಳ್ಳಬಾರದು ನೋಡಿ.

ನಮ್ಮ ಕಡೆಯವರಿಗೆ ಮಲ್ಲಯ್ಯನ ಮಡದಿ ಭ್ರಮರಾಂಬೆ ಮನೆಮಗಳು. ಬರಿಗೈಯಲ್ಲಿ ಮಗಳ ಮನೆಗೆ ಹೋಗುವುದುಂಟೇ? ಸೀರೆ, ಖಣ, ಬಳೆ, ಅರಿಶಿನ-ಕುಂಕುಮ ಒಯ್ಯುತ್ತಾರೆ. ಬನಹಟ್ಟಿಯ ಒಬ್ಬ ಅಜ್ಜಿಯ ಕಾಲಿಗೆ ಪಟ್ಟಿ ಕಟ್ಟುತ್ತಾ ನನ್ನ ಹರಕೆಯ ಕಥೆ ಹೇಳಿದೆ. ಅವರು ಸೆರಗು ಒಡ್ಡಿದರು. "ತಾ ಮಗಳ, ನಿನ್ನ ಉಡಿ ಸಾಮಾನ ನಾ ಒಯ್ತೀನಿ. ಯಾರು ಕೊಟ್ಟಾರ ಅಂತ ಹೇಳ್ಲಿ ಆಕೀಗೆ?" ಓಡಿಹೋಗಿ ಮನೆಯಿಂದ ಗುಳೇದಗುಡ್ಡದ ಖಣ ತಂದುಕೊಟ್ಟೆ. ಹೆಸರು ಹೇಳಲು ಬಾಯಿ ಬರಲಿಲ್ಲ. "ಕಾಲಿನ ಕಡೆ ಕೂತಾಕಿ ಕೊಟ್ಲು ಅನ್ರಿ," ಎಂದೆ.

ಆಮೇಲಿಂದ ಪ್ರತಿ ವರ್ಷ ಯಾರಾದರೊಬ್ಬರು ಒಯ್ಯುತ್ತಾರೆ. ಮುಂದಿನ ವಾರ ಕಂಬಿ ಬರುತ್ತದೆ. ಹಳೆಯ ಧೋತರ ಒಗೆದು, ಕುದಿಸಿ, ಬಿಸಿಲಿಗೆ ಹಾಕಿ, ಪಟ್ಟಿ ಹರಿದಿಟ್ಟಿದ್ದೇನೆ. ಈ ಸಲ ಹಸಿರು ಖಣ ತಂದಿದ್ದೇನೆ, ಕೆಂಪು ಅಂಚಿನದು.