ಇಬ್ಬರಲ್ಲೂ ಕಾಣದ್ದು ಮಗುವಿಗೆ ಹೇಗೆ ಬಂತು?

ನನ್ನ ಸೋದರಮಾವ ಮದುವೆಯಾದದ್ದು ದೊಡ್ಡಮ್ಮನ ಮಗಳನ್ನು, ಅಂದರೆ ತನ್ನ ಸ್ವಂತ ಅಕ್ಕನ ಮಗಳನ್ನು. ನನಗೆ ಅವಳು ಅಕ್ಕ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ನಡೆದುಬಂದಿರುವ ಸಂಬಂಧವಿದು. ಅವರ ಮೊದಲ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲವೆಂದು ತಿಳಿದಾಗ, ಎರಡೂ ಕಡೆಯಲ್ಲಿ ಯಾರಿಗೂ ಇಲ್ಲದ್ದು ಈ ಮಗುವಿಗೆ ಹೇಗೆ ಬಂತೆಂದು ಹಿರಿಯರು ಮತ್ತೆ ಮತ್ತೆ ಕೇಳಿದರು. ಬಸುರಿನಲ್ಲಿ ಗ್ರಹಣ ನೋಡಿರಬೇಕು, ಏನೋ ತಿಂದಿರಬೇಕು ಎಂದು ಮಾತು ಅಕ್ಕನ ಮೇಲೆಯೇ ಬಂತು. ಆ ಮನೆಯಲ್ಲಿ ಎರಡು ಕಡೆಗಳೇ ಇರಲಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಗುಣವೊಂದು ಕಣ್ಣಿಗೆ ಕಾಣದಿದ್ದರೂ ವಂಶದಲ್ಲಿ ಉಳಿದಿರಬಲ್ಲದು ಎಂಬುದನ್ನು ಈಗಿನ ಚೆಕ್ ದೇಶದ ಬ್ರನೋ ಪಟ್ಟಣದ ಮಠದಲ್ಲಿ ಬಟಾಣಿ ಬೆಳೆದ ಗ್ರೆಗರ್ ಮೆಂಡಲ್ 1866ರಲ್ಲೇ ಪ್ರಕಟಿಸಿದ್ದರು. ದುಂಡು ಬೀಜದ ತಳಿಯನ್ನು ಸುಕ್ಕು ಬೀಜದ ತಳಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಸುಕ್ಕು ಪೂರ್ತಿ ಮರೆಯಾಯಿತು. ಅದೇ ಪೀಳಿಗೆಯನ್ನು ತನ್ನೊಳಗೇ ಕೂಡಿಸಿ ಬೆಳೆಸಿದಾಗ 5,474 ದುಂಡು ಬೀಜಗಳ ಜೊತೆಗೆ 1,850 ಸುಕ್ಕು ಬೀಜಗಳು ಮರಳಿ ಬಂದವು. ಅಳಿದುಹೋಯಿತೆಂದುಕೊಂಡದ್ದು ನಿಜಕ್ಕೂ ಅಡಗಿತ್ತು.

ನಮ್ಮಲ್ಲೂ ಬಹುಪಾಲು ವಂಶವಾಹಿಗಳಿಗೆ ಎರಡೆರಡು ಪ್ರತಿಗಳಿವೆ, ಒಂದು ತಾಯಿಯದು, ಒಂದು ತಂದೆಯದು. ಎರಡೂ ಪ್ರತಿ ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುವ ದುರ್ಬಲ ಗುಣವಾದರೆ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ, ಆದ್ದರಿಂದ ಕೆಟ್ಟ ಪ್ರತಿ ಒಂದನ್ನೇ ಹೊತ್ತ ವಾಹಕರಿಗೆ ತಾವು ವಾಹಕರೆಂಬ ಸುಳಿವೇ ಇರುವುದಿಲ್ಲ. ಪರೀಕ್ಷೆ ಮಾಡಿಸಿದಾಗ, ಒಳಗಿವಿಗೆ ಬೇಕಾದ ಕನೆಕ್ಸಿನ್ 26 ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಒಂದೇ ಬಗೆಯ ದೋಷ ಮಾವನಲ್ಲೂ ಅಕ್ಕನಲ್ಲೂ ಒಂದೊಂದು ಪ್ರತಿಯಾಗಿ ಸಿಕ್ಕಿತು.

ಲೆಕ್ಕ ಹೀಗೆ. ಅಜ್ಜಿ ವಾಹಕಿಯಾಗಿದ್ದರೆ ಅದು ಮಗನಿಗೆ ಬರುವ ಸಾಧ್ಯತೆ ಎರಡರಲ್ಲಿ ಒಂದು. ದೊಡ್ಡಮ್ಮನ ಮೂಲಕ ಮೊಮ್ಮಗಳಿಗೆ ಇಳಿಯುವ ಸಾಧ್ಯತೆ ನಾಲ್ಕರಲ್ಲಿ ಒಂದು. ಗಂಡಹೆಂಡಿರಿಬ್ಬರೂ ವಾಹಕರಾಗುವ ಸಾಧ್ಯತೆ ಅಲ್ಲಿಗೆ ಎಂಟರಲ್ಲಿ ಒಂದಾಯಿತು. ಮಾವ ಹೊರಗಿನ ಹೆಣ್ಣನ್ನು ತಂದಿದ್ದರೆ, ನೂರು ಜನರಲ್ಲಿ ಒಬ್ಬರು ವಾಹಕರೆಂದು ಹಿಡಿದರೂ, ಅದು ಇನ್ನೂರರಲ್ಲಿ ಒಂದು ಮಾತ್ರ. ಸೋದರಿಕೆಯಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಹುಟ್ಟುಕಿವುಡಿಗೆ ಸೋಂಕಿನಂಥ ಬೇರೆ ಕಾರಣಗಳೂ ಇವೆ. ಆದರೂ ಈ ಇಪ್ಪತ್ತೈದು ಪಟ್ಟಿನ ಅಂತರವನ್ನು ಮದುವೆಗೆ ಮುಂಚೆ ಯಾರಾದರೂ ಹೇಳಬೇಕಿತ್ತು.

ಇನ್ನೊಂದು ತಪ್ಪು ತಿಳಿವಳಿಕೆ ನನ್ನನ್ನು ಬಹಳ ನೋಯಿಸಿತು. ಇಬ್ಬರೂ ವಾಹಕರಾದಾಗ ಮಗುವಿಗೆ ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಕೇಳಿದ ಬಂಧುಗಳು, ಆ ಒಂದು ಆಗಿಹೋಯಿತು, ಇನ್ನು ಮೂರು ಮಕ್ಕಳು ಚೆನ್ನಾಗಿರುತ್ತವೆ ಎಂದು ಅಕ್ಕನಿಗೆ ಧೈರ್ಯ ತುಂಬಿದರು. ಒಂದು ಬಸುರಿಗೆ ಹಿಂದಿನ ಬಸುರಿನ ನೆನಪಿರುವುದಿಲ್ಲ. ಪ್ರತಿ ಸಲವೂ ಅದೇ ನಾಲ್ಕರಲ್ಲಿ ಒಂದು.

ಎರಡನೆಯವನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಆದರೆ ಅವನು ವಾಹಕನಾಗಿರುವ ಸಾಧ್ಯತೆ ಮೂರರಲ್ಲಿ ಎರಡು, ಏಕೆಂದರೆ ಕೇಳಿಸುವ ಮಕ್ಕಳಿಗೆ ಇರಬಹುದಾದ ಮೂರು ಜೋಡಿಗಳಲ್ಲಿ ಎರಡರಲ್ಲಿ ಕೆಟ್ಟ ಪ್ರತಿ ಒಂದಿರುತ್ತದೆ. ಈಗ ಅವನಿಗೆ ನಮ್ಮ ಮನೆತನದಲ್ಲೇ ಹೆಣ್ಣು ನೋಡುವ ಮಾತು ಬಂದಿದೆ. ಇಬ್ಬರ ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೂ ಜಾತಕ ತೆಗೆಯುವುದಿಲ್ಲವೆಂದು ಅಕ್ಕ ಹೇಳಿದ್ದಾಳೆ, ಮಾವ ಅವಳ ಪಕ್ಕದಲ್ಲಿ ನಿಂತಿದ್ದಾರೆ.